ಇಸ್ತ್ರಿ ಅಕ್ಕನ ಕನ್ನಡಕಕ್ಕೆ ಕವಿದ ಮಂಜು

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಇಸ್ತ್ರಿ ಅಕ್ಕ ಒಂದು ಪ್ಯಾಂಟಿಗೆ ಎರಡು ಗೀಟು ಹಾಕಿಬಿಟ್ಟಳು.

ಅಯ್ಯೋ, ಇದೂ ಒಂದು ಸುದ್ದಿಯಾ ಅಂತೀರಾ? ಇಸ್ತ್ರಿ ಕೆಲಸ ಮಾಡೋರನ್ನ ಕೇಳಿ ನೋಡಿ. ಪ್ಯಾಂಟಿನ ಮುಂದೆ ಗೀಟು ಒಂದೇ ಇರಬೇಕು, ಸೊಂಟದಿಂದ ಕಾಲಿನ ತುದಿವರೆಗೆ ನೆಟ್ಟಗೆ. ಹಳೇ ಗೀಟಿನ ಪಕ್ಕ ಇನ್ನೊಂದು ಬಿತ್ತೋ, ಇಸ್ತ್ರಿಯವರ ಮಾನ ಬೀದಿಗೆ ಬಿತ್ತು ಅಂತಲೇ ಲೆಕ್ಕ. ಆ ಪ್ಯಾಂಟು ಹಾಕಿಕೊಂಡವನು ಎಲ್ಲೆಲ್ಲಿ ನಡೀತಾನೋ ಅಲ್ಲೆಲ್ಲ ಆ ತಪ್ಪೂ ನಡೆದುಕೊಂಡು ಹೋಗುತ್ತೆ.

ಪ್ಯಾಂಟು ಎದುರು ಕಟ್ಟಡದ ಗೇಟು ಕಾಯೋ ಗಾರ್ಡಿನದು. ಒಳ್ಳೆ ಮನುಷ್ಯ. ನಗುತ್ತಲೇ ಬಂದ.

"ಏನಕ್ಕಾ ಇದು? ಒಂದೊಂದು ಕಾಲಿಗೂ ರೈಲು ಹಳಿ ಹಾಕಿದ್ದೀರಲ್ಲ! ನಾನೇನು ಗೇಟು ಕಾಯಬೇಕೋ, ಸಿಗ್ನಲ್ ಕೊಡಬೇಕೋ?"

"ಕೊಡಪ್ಪ ಇಲ್ಲಿ, ಕೈ ಜಾರಿತು ಅನ್ಸುತ್ತೆ" ಅಂತ ಅವಳೂ ನಕ್ಕಳು. ಅವನು ಆ ಕಡೆ ಹೋದ ಮೇಲೆ ಸ್ಟೂಲಿನ ಮೇಲೆ ಕೂತಳು. ಕೂತವಳಿಗೆ ಏಳೋಕೆ ಮನಸ್ಸೇ ಬರಲಿಲ್ಲ. ಕೈ ಜಾರಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಹಳೇ ಗೀಟು ಅವಳಿಗೆ ಕಂಡೇ ಇರಲಿಲ್ಲ.

ಅವಳ ಅಂಗಡಿ ಅಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಒಂದು ಕೋಣೆ. ಐದು ಹೆಜ್ಜೆ ಇಟ್ಟರೆ ಗೋಡೆ. ಹಳೇ ಕಂಬಳಿ ಹಾಸಿದ ಉದ್ದನೆ ಮೇಜು, ಬಲಗಡೆ ಇಸ್ತ್ರಿಪೆಟ್ಟಿಗೆ ನಿಲ್ಲಿಸೋ ತಗಡು, ತಲೆಯ ಮೇಲೆ ಟ್ಯೂಬ್‌ಲೈಟು, ಹಿಂದೆ ಗಂಟುಗಳನ್ನ ಜೋಡಿಸಿಟ್ಟ ಹಲಗೆ. ಮುಂದೆ ರಸ್ತೆ. ವಯಸ್ಸು ಐವತ್ತನಾಲ್ಕು. ಗಂಡ ಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನಲವತ್ತು ಜನ ಬಾಗಿಲಿಗೆ ಬರುತ್ತಾರೆ. "ನಾಳೆ ಸಿಗುತ್ತಾ?" ಅಂತಾರೆ, "ಸಿಗುತ್ತೆ" ಅಂತಾಳೆ. ಮುಗೀತು. ದಿನದ ಮಾತೆಲ್ಲ ಇಷ್ಟೇ.

ಆದರೆ ಬಟ್ಟೆ ಮಾತಾಡುತ್ತೆ ನೋಡಿ. ಯಾರ ಅಂಗಿಯ ಮೊಣಕೈ ಸವೆದಿದೆ, ಯಾರಿಗೆ ಹೊಟ್ಟೆ ಬಂದಿದೆ, ಯಾರ ಮನೆಯಿಂದ ಆಫೀಸಿನ ಅಂಗಿ ಬರೋದು ನಿಂತು ಹೋಗಿದೆ, ಎಲ್ಲ ಅವಳಿಗೆ ಗೊತ್ತು. ಎರಡನೇ ಅಂತಸ್ತಿನವನಿಗೆ ಕೆಲಸ ಹೋಗಿದ್ದು ಅವನ ಹೆಂಡತಿಗಿಂತ ಮುಂಚೆ ಇವಳಿಗೆ ಗೊತ್ತಾಗಿತ್ತು. ಇವಳ ವಿಷಯ ಮಾತ್ರ ಆ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ಹೇಳೋಕೆ ಏನಿತ್ತು ಅಂದರೆ, ಅವಳ ಕಣ್ಣಿಗೆ ಒಂದು ವರ್ಷದಿಂದ ಮಂಜು ಕವಿಯುತ್ತಿತ್ತು.

ಮೊದಮೊದಲು ಟ್ಯೂಬ್‌ಲೈಟಿನ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣೋಕೆ ಶುರುವಾಯಿತು. ಆಮೇಲೆ ಬಿಳಿ ಅಂಗಿಯ ಸುಕ್ಕು ಕಾಣದಾಯಿತು. ಆಮೇಲೆ ದಾರ. ಯಾವ ಬಟ್ಟೆ ಯಾವ ಮನೆಯದು ಅಂತ ತಿಳಿಯೋಕೆ ಅವಳು ಕಾಲರಿನ ಒಳಗೆ ಬಣ್ಣದ ದಾರದ ಗಂಟು ಹಾಕುತ್ತಿದ್ದಳು: ಒಂದನೇ ಅಂತಸ್ತಿಗೆ ಕೆಂಪು, ಎರಡಕ್ಕೆ ಹಸಿರು, ಮೂರಕ್ಕೆ ನೀಲಿ, ನಾಲ್ಕಕ್ಕೆ ಕಪ್ಪು. ಈಗ ನೀಲಿ ಯಾವುದು, ಕಪ್ಪು ಯಾವುದು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಕನ್ನಡಕ ಒರೆಸುತ್ತಿದ್ದಳು. ಬಟ್ಟೆಗೆ ಚಿಮುಕಿಸೋ ಗಂಜಿನೀರನ್ನೇ ಎರಡು ಹನಿ ಹಾಕಿ, ಕೈಗೆ ಸಿಕ್ಕ ದಿಂಬಿನ ಕವರಿನಿಂದ ಗಸಗಸ ಉಜ್ಜುತ್ತಿದ್ದಳು. ಇಸ್ತ್ರಿಯ ಹಬೆ ಕನ್ನಡಕಕ್ಕೆ ಹತ್ತಿದಾಗೆಲ್ಲ ತೆಗೆದು, ಪೆಟ್ಟಿಗೆ ನಿಲ್ಲಿಸೋ ತಗಡಿನ ಪಕ್ಕದಲ್ಲೇ ಇಡುತ್ತಿದ್ದಳು. ಬಿಸಿಗೆ ಬೇಗ ಆರುತ್ತೆ ಅಂತ. ದಿನಕ್ಕೆ ಇಪ್ಪತ್ತು ಸಲ. ಎಷ್ಟು ಒರೆಸಿದರೂ ಮಂಜು ಹೋಗಲಿಲ್ಲ.

ಹಾಗಾದರೆ ಮಂಜು ಕಣ್ಣಿನದೇ ಅಂತ ತೀರ್ಮಾನ ಮಾಡಿಬಿಟ್ಟಳು. ಯಾಕೆ ಮಾಡಬಾರದು ಹೇಳಿ? ಅವಳ ಅಮ್ಮನಿಗೂ ಸುಮಾರು ಇದೇ ವಯಸ್ಸಿಗೆ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಹೋಗಿತ್ತು. ಅಮ್ಮ ಹನ್ನೊಂದು ವರ್ಷ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೊದಲು ಮನೆಗೆ ಬಂದವರೆಲ್ಲ ಅಮ್ಮನ ಹತ್ತಿರ ಜೋರಾಗಿ ಮಾತಾಡುತ್ತಿದ್ದರು, ಹೋಗಿದ್ದು ಕಣ್ಣಲ್ಲ ಕಿವಿ ಅನ್ನೋ ಹಾಗೆ. ಆಮೇಲೆ ಮಾತು ಕಡಿಮೆ ಆಯಿತು. ಕೊನೆಕೊನೆಗೆ ಅವಳ ಪಕ್ಕದಲ್ಲೇ ನಿಂತು, "ಇವಳದು ಊಟ ಆಯ್ತಾ?" ಅಂತ ಬೇರೆಯವರನ್ನ ಕೇಳುತ್ತಿದ್ದರು. ಇಸ್ತ್ರಿ ಅಕ್ಕನಿಗೆ ಕತ್ತಲೆಯ ಭಯ ಇರಲಿಲ್ಲ. ಬದುಕಿರುವಾಗಲೇ ಹಾಗೆ ಲೆಕ್ಕದಿಂದ ಬಿಟ್ಟು ಹೋಗೋದು ಇದೆಯಲ್ಲ, ಅದರ ಭಯ. ಕಣ್ಣು ಹೋದರೆ ಅಂಗಡಿ ಹೋಗುತ್ತೆ. ಅಂಗಡಿ ಹೋದರೆ "ನಾಳೆ ಸಿಗುತ್ತಾ" ಅನ್ನೋ ಆ ಒಂದು ಮಾತೂ ಹೋಗುತ್ತೆ.

ಈ ಸಂಕಟ ಹೇಳಿಕೊಳ್ಳೋಕೆ ಒಬ್ಬಳಿದ್ದಳು. ಎರಡು ಬೀದಿ ಆಚೆ ಇರೋ ಅವಳ ದೊಡ್ಡಕ್ಕ, ಒಡಹುಟ್ಟಿದವಳು. ಅವಳೂ ಒಂಟಿ ಜೀವ. ಇಬ್ಬರೂ ಸರದಿ ಹಾಕಿಕೊಂಡು ಅಮ್ಮನನ್ನ ನೋಡಿಕೊಂಡಿದ್ದವರು. ದೊಡ್ಡಕ್ಕ ದಿನಾ ಬೆಳಿಗ್ಗೆ ಹಾಲು ತರೋಕೆ ಇದೇ ರಸ್ತೆಯಲ್ಲಿ ಬಂದು, ಅಂಗಡಿ ಬಾಗಿಲಲ್ಲಿ ಹತ್ತು ನಿಮಿಷ ನಿಂತು, ಬೆಲೆ ಏರಿಕೆಯನ್ನೂ ಮಂಡಿನೋವನ್ನೂ ಬೈದು ಹೋಗುತ್ತಿದ್ದಳು.

ಎಂಟು ತಿಂಗಳ ಹಿಂದೆ ಒಂದು ದಿನ ಹಾಗೇ ನಿಂತವಳು, "ನಿನ್ನ ಕಣ್ಣು ಹೇಗಿದೆಯೇ? ಅಮ್ಮನಿಗೂ ಇದೇ ವಯಸ್ಸಿಗೆ ಅಲ್ವಾ..." ಅಂದಳು.

ಇಸ್ತ್ರಿ ಅಕ್ಕ ಗುಟ್ಟು ಗೊತ್ತಾಗಿಹೋಯಿತು ಅಂದುಕೊಂಡಳು. "ಸಾಕು ಮಾಡು ನಿನ್ನ ಪುರಾಣ! ನನ್ನ ಕಣ್ಣು ನೆಟ್ಟಗಿದೆ. ನಿನ್ನದು ನೀನು ನೋಡಿಕೋ ಹೋಗು" ಅಂತ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಳು.

ದೊಡ್ಡಕ್ಕ ಹೊರಟು ಹೋದಳು. ಮಾರನೇ ದಿನದಿಂದ ಎದುರು ಫುಟ್‌ಪಾತಿನಲ್ಲೇ ನಡೆದು ಹೋಗುತ್ತಾಳೆ. ನಿಲ್ಲುವುದಿಲ್ಲ. ಆ ಬೂದುಬಣ್ಣದ ಕೋಟು, ಆ ಮೆಲ್ಲನೆ ನಡಿಗೆ, ಮಂಜಿನಲ್ಲೂ ಇವಳಿಗೆ ಗುರುತು ಸಿಗುತ್ತೆ. ಕರೀಬೇಕು ಅನ್ನಿಸುತ್ತೆ, ಆದರೆ ಬಿಗುಮಾನ ಬಿಡಬೇಕಲ್ಲ! ಅವಳೇ ಬರಲಿ ಅಂತ ಇವಳು ತಲೆ ತಗ್ಗಿಸಿ ಇಸ್ತ್ರಿ ಒತ್ತುತ್ತಾಳೆ. ಎಂಟು ತಿಂಗಳು ಹೀಗೇ ಹೋಯಿತು.

ಇನ್ನು ಕನ್ನಡಕದಂಗಡಿ ಹುಡುಗಿಯ ವಿಷಯಕ್ಕೆ ಬರೋಣ. ನಾಲ್ಕನೇ ಅಂತಸ್ತಿಗೆ ಹೊಸದಾಗಿ ಬಂದವಳು, ಒಬ್ಬಳೇ ಇರೋಳು. ಕನ್ನಡಕದಂಗಡಿಯಲ್ಲಿ ಗಾಜು ಕೊರೆದು ಚೌಕಟ್ಟಿಗೆ ಕೂರಿಸೋ ಕೆಲಸ, ಅಲ್ಲಿ ಬಿಳಿ ಕೋಟು ಹಾಕಬೇಕು. ಗಾರ್ಡಿನ ಪ್ಯಾಂಟಿನ ಕಥೆ ಆದ ಮಾರನೇ ದಿನ, ಒಂದು ಬಿಳಿ ಕೋಟು ತೊಟ್ಟುಕೊಂಡೇ ಅಂಗಡಿ ಮುಂದೆ ಬಂದು ನಿಂತಳು. ತೋಳು ಬೆರಳು ದಾಟಿ ನೇತಾಡುತ್ತಿತ್ತು, ಅಂಚು ಮೊಣಕಾಲಿಗೂ ಕೆಳಗೆ.

"ಅಕ್ಕಾ, ನಾನು ಇಷ್ಟು ಬೇಗ ಬೆಳೀತೀನಿ ಅಂತ ಬಟ್ಟೆ ದೊಡ್ಡದು ಮಾಡಿದ್ದೀರಾ?"

ಮೂರನೇ ಅಂತಸ್ತಿನ ಕಾಂಪೌಂಡರನ ಕೋಟು ಅದು. ನೀಲಿ ದಾರ, ಕಪ್ಪು ದಾರ ಅದಲುಬದಲು. ಇಸ್ತ್ರಿ ಅಕ್ಕನಿಗೆ ನಗು ಬರಲಿಲ್ಲ. "ಬದಲಾಯಿಸಿ ಕೊಡ್ತೀನಿ ತಾಳು" ಅಂತ ಹಲಗೆ ಕಡೆ ತಿರುಗಿದಳು. ಒಂದೊಂದು ಕಾಲರನ್ನೂ ಮೂಗಿನ ಹತ್ತಿರ ಹಿಡಿದು ಹಿಡಿದು ನೋಡಿದಳು. ಹುಡುಗಿ ಅದನ್ನೇ ಗಮನಿಸುತ್ತಿದ್ದಳು.

"ಅಕ್ಕಾ, ಆ ಕನ್ನಡಕ ಸ್ವಲ್ಪ ಕೊಡ್ತೀರಾ?"

"ಯಾಕೆ? ಕನ್ನಡಕ ಚೆನ್ನಾಗೇ ಇದೆ."

"ನೋಡಿ ಕೊಡ್ತೀನಿ, ತಿನ್ನಲ್ಲ."

ಹುಡುಗಿ ಅದನ್ನ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದಳು. ಹಿಡಿದವಳು "ಅಯ್ಯಯ್ಯೋ!" ಅಂದಳು. ಆ "ಅಯ್ಯಯ್ಯೋ" ಕೇಳಿ ಇಸ್ತ್ರಿ ಅಕ್ಕ ಕೈಯಲ್ಲಿದ್ದ ಅಂಗಿ ಮೇಜಿನ ಮೇಲೆ ಇಟ್ಟಳು.

"ಹೇಳು, ಪರವಾಗಿಲ್ಲ. ನಂಗೆ ಗೊತ್ತೇ ಇದೆ. ನಮ್ಮಮ್ಮನ ಕಣ್ಣೂ ಹೀಗೇ ಹೋಗಿದ್ದು. ನಮ್ಮ ಮನೆತನದ ಕಣ್ಣೇ ಹಾಗೆ." ಒಂದು ವರ್ಷ ಯಾರಿಗೂ ಹೇಳದ ಮಾತು, ಹೆಸರೂ ಗೊತ್ತಿಲ್ಲದ ಹುಡುಗಿಯ ಮುಂದೆ ಬಾಯಿಂದ ಜಾರಿಹೋಯಿತು.

"ಕಣ್ಣಿನ ಮಾತು ಆಮೇಲೆ ಅಕ್ಕಾ. ಮೊದಲು ಇದನ್ನ ನೋಡಿ. ಹೀಗೆ ಓರೆಯಾಗಿ, ಹತ್ತಿರ ಹಿಡಿದು."

ನೋಡಿದಳು. ಗಾಜಿನ ತುಂಬ ಕೂದಲಿಗಿಂತ ಸಣ್ಣ ಬಿರುಕು. ಬಿಸಿಲಿಗೆ ಒಣಗಿದ ಕೆರೆ ತಳದ ಮಣ್ಣಿನ ಹಾಗೆ, ಅಡ್ಡಡ್ಡ ಉದ್ದುದ್ದ. ಜೊತೆಗೆ ಉಜ್ಜಿದ ಗೀರುಗಳು ಬೇರೆ.

"ಈಗ ಕನ್ನಡಕ ಇಲ್ಲದೆ ಲೈಟು ನೋಡಿ. ಸುತ್ತ ಬಳೆ ಇದೆಯಾ?"

"ಲೈಟು ಕಲಸಿದ ಹಾಗೆ ಮಸುಕಾಗಿ ಕಾಣುತ್ತೆ."

"ಅದು ನಿಮ್ಮ ನಂಬರಿಂದ. ಬಳೆ ಇದೆಯಾ, ಹೊಗೆ ಇದೆಯಾ, ಅದು ಹೇಳಿ."

ಇಸ್ತ್ರಿ ಅಕ್ಕ ನೋಡಿದಳು. ಕಣ್ಣು ಮುಚ್ಚಿ ತೆಗೆದು ಮತ್ತೆ ನೋಡಿದಳು. ಬಳೆ ಇರಲಿಲ್ಲ. ಇಡೀ ವರ್ಷ ಅವಳು ಕನ್ನಡಕ ತೆಗೆದಾಗೆಲ್ಲ ಒರೆಸೋ ಗಡಿಬಿಡಿಯಲ್ಲೇ ಇದ್ದಳು, ಅದಿಲ್ಲದೆ ಲೈಟನ್ನ ನೆಟ್ಟಗೆ ನೋಡಿದ್ದೇ ಇಲ್ಲ!

"ಇದು ಪ್ಲಾಸ್ಟಿಕ್ ಲೆನ್ಸ್ ಅಕ್ಕಾ, ಮೇಲೆ ತೆಳ್ಳಗೆ ಕೋಟಿಂಗ್ ಇದೆ. ಬೆಳಕು ಪ್ರತಿಫಲಿಸದೆ ಇರಲಿ ಅಂತ ಹಚ್ಚಿರ್ತಾರೆ. ಬಿಸಿ ತಗುಲಿದರೆ ಪ್ಲಾಸ್ಟಿಕ್ ಜಾಸ್ತಿ ಹಿಗ್ಗುತ್ತೆ, ಕೋಟಿಂಗ್ ಅಷ್ಟು ಹಿಗ್ಗಲ್ಲ. ಆಗ ಹೀಗೆ ಬಿರಿಯುತ್ತೆ. ಇದನ್ನ ಎಲ್ಲಿ ಇಡ್ತಿದ್ರಿ?"

ಇಸ್ತ್ರಿ ಅಕ್ಕ ತಗಡಿನ ಕಡೆ ಬೆರಳು ತೋರಿಸಿದಳು. ಹುಡುಗಿ ಹಣೆ ಚಚ್ಚಿಕೊಂಡಳು.

"ಅಂಗಿ ಜೊತೆ ಕನ್ನಡಕಕ್ಕೂ ಇಸ್ತ್ರಿ ಹಾಕಿದ್ದೀರಿ ಬಿಡಿ!"

"ತಗೊಳ್ಳುವಾಗ ಒಳ್ಳೇ ಕೋಟಿಂಗ್ ಅಂತಲೇ ಕೊಟ್ಟಿದ್ದರು ಕಣೇ."

"ಒಳ್ಳೇದೇ. ಆದರೆ ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದ್ರಾ?"

"ಇಲ್ಲ."

"ನೀವು ಹೇಳಿದ್ರಾ?"

"ಇಲ್ಲ" ಅಂದಳು ಇಸ್ತ್ರಿ ಅಕ್ಕ. "ಇಸ್ತ್ರಿಯವಳು ಅಂತ ಹೇಳಿಕೊಳ್ಳೋದು ಯಾಕೆ ಅನ್ನಿಸಿತು."

ಹುಡುಗಿ ಕನ್ನಡಕ ಮಡಿಸಿ ಅವಳ ಕೈಗೆ ಕೊಟ್ಟಳು. ಆಮೇಲೆ ಗಟ್ಟಿಯಾಗಿ ಹೇಳಿದಳು. "ಅಕ್ಕಾ, ಕನ್ನಡಕ ಹಾಳಾಗಿದೆ ಅನ್ನೋದು ಗ್ಯಾರಂಟಿ. ಕಣ್ಣು ಚೆನ್ನಾಗಿದೆ ಅಂತ ನಾನು ಹೇಳೋ ಹಾಗಿಲ್ಲ, ನಾನು ಗಾಜು ಕೊರೆಯೋಳು, ಡಾಕ್ಟರ್ ಅಲ್ಲ. ಅಮ್ಮನಿಗೆ ಹಾಗಾಗಿತ್ತು ಅಂದಮೇಲೆ ನೀವು ಕಣ್ಣು ತೋರಿಸಲೇಬೇಕು. ನಾಳೆ ನನಗೆ ರಜೆ. ನಾನೂ ಬರ್ತೀನಿ."

"ಬೇಡ. ಡಾಕ್ಟರು ಬಾಯಿಬಿಟ್ಟು ಹೇಳಿಬಿಟ್ಟರೆ ನನ್ನ ಕೈಲಿ ತಡೆಯೋಕಾಗಲ್ಲ. ಗೊತ್ತಿಲ್ಲದೆ ಇದ್ದರೆ ಇನ್ನೊಂದಷ್ಟು ದಿನ ಹೀಗೇ ತಳ್ಳಬಹುದು."

"ಹೀಗೆ ಕೂತು ಒಬ್ಬರೇ ಹೆದರೋದನ್ನ ತಳ್ಳೋದು ಅಂತೀರಾ?" ಹುಡುಗಿಯ ಧ್ವನಿ ಯಾಕೋ ಸಣ್ಣಗಾಯಿತು. "ಬನ್ನಿ ಅಕ್ಕಾ. ರಜೆ ದಿನ ನನಗೂ ಮಾತಾಡೋಕೆ ಯಾರೂ ಇರಲ್ಲ."

ಹೋದರು. ಕಣ್ಣಿನ ಡಾಕ್ಟರಮ್ಮ ಅಕ್ಷರ ಓದಿಸಿದರು, ಕಣ್ಣಿನ ಒತ್ತಡ ಅಳೆದರು, ಹನಿ ಹಾಕಿ ಕೂರಿಸಿ, ಪಾಪೆ ಹಿಗ್ಗಿದ ಮೇಲೆ ಬೆಳಕು ಬಿಟ್ಟು ಒಳಗೆಲ್ಲ ನೋಡಿದರು. ಇಸ್ತ್ರಿ ಅಕ್ಕ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು.

"ಕಣ್ಣು ಚೆನ್ನಾಗಿದೆಯಮ್ಮ. ಪೊರೆ ಇಲ್ಲ, ನರವೂ ಸರಿಯಾಗಿದೆ. ನಂಬರ್ ಬದಲಾಗಿದೆ, ಅಷ್ಟೇ. ದೂರಕ್ಕೂ ಬೇಕು, ಹತ್ತಿರಕ್ಕೂ ಬೇಕು. ವರ್ಷಕ್ಕೊಂದು ಸಲ ಬಂದು ತೋರಿಸಿ."

ಇಸ್ತ್ರಿ ಅಕ್ಕ ಕುರ್ಚಿಯ ಕೈ ಬಿಟ್ಟಳು. ಡಾಕ್ಟರಮ್ಮ ಚೀಟಿ ಬರೆಯುತ್ತಾ ಕೇಳಿದರು. "ಅಮ್ಮನಿಗೆ ಕಣ್ಣು ಹೋಗಿತ್ತು ಅಂದ್ರಲ್ಲ, ಏನಾಗಿತ್ತು?"

"ಬಿಳೀ ಪೊರೆ ಬಂದಿತ್ತು ಮೇಡಂ. ಎರಡೂ ಕಣ್ಣಿಗೆ."

"ಆಪರೇಷನ್ ಮಾಡಿಸಲಿಲ್ವಾ?"

"ವಯಸ್ಸಾದ ಮೇಲೆ ಹೀಗೇ ಅಂತ ಎಲ್ಲರೂ ಅಂದರು. ಅಮ್ಮನೂ ಮೊದಮೊದಲು ಕಾಣುತ್ತೆ ಬಿಡಿ, ಕಾಣುತ್ತೆ ಬಿಡಿ ಅಂತಲೇ ಇದ್ದಳು. ನಾವು ಯಾರಿಗೂ ತೋರಿಸಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬರೀ ಪೊರೆಯೇ ಆಗಿದ್ದರೆ ಸಾಮಾನ್ಯವಾಗಿ ಒಂದು ಸಣ್ಣ ಆಪರೇಷನ್ನಿಗೆ ದೃಷ್ಟಿ ವಾಪಸ್ ಬರುತ್ತೆ ಅಮ್ಮ" ಅಂತ ಮೆತ್ತಗೆ ಹೇಳಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ತನ್ನ ಕಣ್ಣು ಉಳಿಯಿತು ಅಂತ ಖುಷಿ ಪಡಬೇಕಿತ್ತು. ಅವಳಿಗೆ ಆ ಕಿಟಕಿ, ಆ ಕುರ್ಚಿ, ಹನ್ನೊಂದು ವರ್ಷ ಕಣ್ಣ ಮುಂದೆ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಹುಡುಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಹನಿ ಹಾಕಿದ ಕಣ್ಣು, ಎದುರಿಗೆ ಏನೂ ಸ್ಪಷ್ಟ ಇರಲಿಲ್ಲ, ಆ ಕೈಯೊಂದೇ ಗಟ್ಟಿಯಾಗಿತ್ತು.

ಎರಡು ದಿನ ಬಿಟ್ಟು ಹುಡುಗಿ ಅಂಗಡಿಗೆ ಬಂದಳು. ಕೈಯಲ್ಲಿ ಅಳತೆ ಟೇಪು.

"ನಿಲ್ಲಿ ಅಕ್ಕಾ, ಇಸ್ತ್ರಿ ಮಾಡೋ ಹಾಗೆ ನಿಲ್ಲಿ."

ಕಣ್ಣಿನಿಂದ ಮೇಜಿಗೆ ಟೇಪು ಹಿಡಿದಳು. ಅರವತ್ತೆರಡು ಸೆಂಟಿಮೀಟರ್.

"ನಾನೇನು ಅಂಗಿ ಹೊಲಿಸ್ತಿದ್ದೀನಾ? ಟೇಪು ಯಾಕೆ?"

"ಪುಸ್ತಕ ಓದೋರು ಪುಸ್ತಕ ಇಷ್ಟು ಹತ್ತಿರ ಹಿಡೀತಾರೆ, ಸುಮಾರು ನಲವತ್ತು. ನಿಮ್ಮ ಹಳೇ ಕನ್ನಡಕ ಆ ದೂರಕ್ಕೆ ಮಾಡಿದ್ದು. ನಿಮ್ಮ ಕೆಲಸ ಒಂದು ತೋಳಿನಷ್ಟು ದೂರದಲ್ಲಿದೆ. ಅದಕ್ಕೇ ನೀವು ಬಗ್ಗಿ ಬಗ್ಗಿ ನೋಡ್ತೀರಿ, ಸಂಜೆ ಕುತ್ತಿಗೆ ನೋವು ಅಂತೀರಿ. ಈ ಅಳತೆ ಡಾಕ್ಟರಮ್ಮನಿಗೆ ಹೇಳಿ ಅದಕ್ಕೆ ಸರಿಯಾದ ನಂಬರ್ ಬರೆಸಿಕೊಂಡೆ ಅಂದರೆ ಆಯ್ತು."

"ಕುತ್ತಿಗೆ ನೋವೂ ಕನ್ನಡಕದ್ದೇನಾ! ನಾನು ದಿಂಬನ್ನ ಬೈಯ್ತಿದ್ದೆನಲ್ಲೇ."

ಆಮೇಲೆ ಕನ್ನಡಕದಂಗಡಿಯಲ್ಲಿ ಕೂತು ಆಯ್ಕೆಗೆ ಶುರು ಮಾಡಿದರು. ಇಸ್ತ್ರಿ ಅಕ್ಕನ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದೊಂದಕ್ಕೂ ಕೊಕ್ಕೆ.

"ಗಾಜಿನದೇ ಕೊಟ್ಟುಬಿಡು. ಬಿಸಿಗೆ ಏನೂ ಆಗಲ್ಲ, ಗೀರೂ ಬೀಳಲ್ಲ ಅಂತಾರಲ್ಲ."

"ಬೇಗ ಬೀಳಲ್ಲ, ನಿಜ. ಆದರೆ ಭಾರ. ಕೆಳಗೆ ಬಿದ್ದರೆ ಚೂರು. ದಿನಕ್ಕೆ ಇಪ್ಪತ್ತು ಸಲ ತೆಗೆದು ಇಡೋರಿಗೆ ಬೇಡ. ಪ್ಲಾಸ್ಟಿಕ್ ಇರಲಿ, ಗೀರು ಬೇಗ ಬೀಳದ ಹಾಗೆ ಮೇಲೆ ಗಟ್ಟಿ ಕೋಟಿಂಗ್ ಇರಲಿ. ಅದು ಯಾರಿಗೇ ಆದರೂ ಬೇಕು."

"ಆ ಬಿರಿಯೋ ಕೋಟಿಂಗ್ ಮಾತ್ರ ನಂಗೆ ಸುತರಾಂ ಬೇಡ."

"ಸಿಟ್ಟು ಅದರ ಮೇಲೆ ಯಾಕೆ? ರಾತ್ರಿ ಗಾಡಿ ಓಡಿಸೋರಿಗೆ ಎದುರು ಬರೋ ಲೈಟಿನ ಹೊಳಪು ಅದರಿಂದ ಎಷ್ಟೋ ಕಮ್ಮಿ ಆಗುತ್ತೆ. ನಿಮಗೂ ತಲೆ ಮೇಲೆ ಟ್ಯೂಬ್‌ಲೈಟ್ ಇದೆ, ಬಿಳಿ ಬಟ್ಟೆ ಮೇಲೆ ಕೆಲಸ. ಇನ್ನೊಂದು ಹೇಳ್ಲಾ? ಅದು ಇದ್ದರೆ ಎದುರಿಗೆ ನಿಂತವರಿಗೆ ನಿಮ್ಮ ಕಣ್ಣು ಕಾಣುತ್ತೆ. ಇಲ್ಲದಿದ್ದರೆ ಅವರಿಗೆ ಕಾಣೋದು ಕನ್ನಡಕದಲ್ಲಿ ಹೊಳೆಯೋ ಟ್ಯೂಬ್‌ಲೈಟು."

ಇಸ್ತ್ರಿ ಅಕ್ಕ ಯೋಚನೆಗೆ ಬಿದ್ದಳು. ತನ್ನ ಕಣ್ಣು ನೋಡಿ ಮಾತಾಡೋರು ಯಾರಿದ್ದಾರೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. "ಹಾಕು ಹಾಗಾದರೆ" ಅಂದಳು.

"ಹಾಕ್ತೀನಿ. ಆದರೆ ಒಂದು ಷರತ್ತು. ಕನ್ನಡಕಕ್ಕೆ ದಾರ ಕಟ್ಟಿ ಕೊಡ್ತೀನಿ, ತೆಗೆದಾಗ ಕುತ್ತಿಗೆಯಲ್ಲಿ ನೇತಾಡಲಿ. ತಗಡಿನ ಹತ್ತಿರ ಕಂಡರೆ ನಾನೇ ಬಂದು ಕಿತ್ಕೊಂಡು ಹೋಗ್ತೀನಿ. ಪೆಟ್ಟಿಗೆ ಮೇಲೆ ಬಗ್ಗೋದೂ ಬೇಡ, ಹಬೆ ಮುಖಕ್ಕೆ ಹೊಡೆಯುತ್ತೆ."

"ಆ ಕಂಪ್ಯೂಟರಿನವರು ಹಾಕೋ ನೀಲಿ ಬೆಳಕು ತಡೆಯೋದು? ಬಿಸಿಲಿಗೆ ಕಪ್ಪಾಗೋದು? ಎಲ್ಲ ಹಾಕಿಸಿಕೊಳ್ಳಿ ಅಂತ ಹೋದ ಸಲ ಒತ್ತಾಯ ಮಾಡಿದ್ದರು."

ಹುಡುಗಿ ಒಂದು ಸಲ ಹಿಂದೆ ತಿರುಗಿ ನೋಡಿ ಧ್ವನಿ ತಗ್ಗಿಸಿದಳು. "ಮಾಲೀಕರು ಕೇಳಿದರೆ ಬೈಯ್ತಾರೆ. ನೀಲಿ ಬೆಳಕು ತಡೆದರೆ ಕಣ್ಣಿಗೆ ರಕ್ಷಣೆ ಸಿಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಅಕ್ಕಾ. ಕಂಪ್ಯೂಟರಿನವರಿಗೂ ಆಗಾಗ ಕಣ್ಣು ಮಿಟುಕಿಸಿ ದೂರ ನೋಡೋದೇ ಮದ್ದು. ಬಿಸಿಲಿಗೆ ಕಪ್ಪಾಗೋದು ಹೊರಗೆ ಓಡಾಡೋರಿಗೆ ಚೆನ್ನ. ಮೆಟ್ಟಿಲ ಕೆಳಗೆ ನಿಲ್ಲೋ ನಿಮಗೆ ಯಾವ ಬಿಸಿಲು? ದುಬಾರಿ ಆದದ್ದೆಲ್ಲ ನಿಮಗೆ ಒಳ್ಳೇದು ಅಂತಲ್ಲ."

"ಗೆರೆ ಇಲ್ಲದ್ದು ಬರುತ್ತಂತಲ್ಲ? ದೂರದ್ದೂ ಹತ್ತಿರದ್ದೂ ಒಂದರಲ್ಲೇ, ನೋಡೋಕೆ ಚೆಂದ."

"ಬರುತ್ತೆ. ಚೆನ್ನಾಗೂ ಇರುತ್ತೆ. ಆದರೆ ಅದರಲ್ಲಿ ಎರಡು ಪಕ್ಕ ಮಸುಕಾಗಿ ಕಾಣುತ್ತೆ, ತಲೆ ತಿರುಗಿಸಿ ನೋಡೋ ಅಭ್ಯಾಸ ಆಗಬೇಕು. ನಿಮ್ಮದು ಮೇಜಿನ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ನೋಡೋ ಕೆಲಸ. ಗೆರೆ ಇರೋದೇ ತಗೊಳ್ಳಿ. ಮೇಲಿನಿಂದ ರಸ್ತೆ, ಕೆಳಗಿನಿಂದ ಮೇಜು. ಒಂದೆರಡು ವಾರ ಮೆಟ್ಟಿಲು ಇಳಿಯುವಾಗ ಮಾತ್ರ ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡಿ, ಇಲ್ಲಾಂದ್ರೆ ಮೆಟ್ಟಿಲು ಕಾಲಿಗೆ ಮೋಸ ಮಾಡುತ್ತೆ."

ಒರೆಸೋದು ಹೇಗೆ ಅಂತಲೂ ಹೇಳಿಕೊಟ್ಟಳು. ತಣ್ಣೀರು, ಪಾತ್ರೆ ತೊಳೆಯೋ ಸೋಪಿನ ಒಂದು ಹನಿ, ಬೆರಳಲ್ಲಿ ಮೆಲ್ಲಗೆ ಉಜ್ಜಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆಯೋದು. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರು ಹಾಕುತ್ತೆ. ಬಿಸಿನೀರು ಬೇಡ. ಗಂಜಿನೀರಂತೂ ದೇವರಾಣೆಗೂ ಬೇಡ.

ಹೊಸ ಕನ್ನಡಕ ಬಂದಿದ್ದು ಒಂದು ಬುಧವಾರ ಬೆಳಿಗ್ಗೆ. ಹುಡುಗಿ ಕೆಲಸಕ್ಕೆ ಹೋಗೋ ಮುಂಚೆ ಕೊಟ್ಟು, ಕಿವಿ ಹಿಂದೆ ಸರಿಮಾಡಿ, ಓಡಿದಳು. ಇಸ್ತ್ರಿ ಅಕ್ಕ ಕೆಳಗೆ ನೋಡಿದಳು. ಕಂಬಳಿಯ ಒಂದೊಂದು ಎಳೆ ಕಂಡಿತು. ನೀಲಿ ನೀಲಿಯಾಗಿತ್ತು, ಕಪ್ಪು ಕಪ್ಪಾಗಿತ್ತು. ತಲೆ ಎತ್ತಿ ಹೊರಗೆ ನೋಡಿದಳು. ಎದುರು ಗೇಟಿನಲ್ಲಿ ಗಾರ್ಡು ಆಕಳಿಸುತ್ತಿದ್ದ. ಅವನ ಮೀಸೆ ಬೆಳ್ಳಗಾಗಿದೆ! ಯಾವಾಗ ಆಯಿತೋ, ದಿನಾ ನೋಡೋ ಮನುಷ್ಯ.

ಅಷ್ಟರಲ್ಲಿ ಎದುರು ಫುಟ್‌ಪಾತಿನಲ್ಲಿ ಬೂದುಬಣ್ಣದ ಕೋಟು ಕಂಡಿತು. ದೊಡ್ಡಕ್ಕ ಹಾಲು ತಗೊಂಡು ಬರುತ್ತಿದ್ದಳು.

ಎಂಟು ತಿಂಗಳ ಮೇಲೆ ಇಸ್ತ್ರಿ ಅಕ್ಕನಿಗೆ ಅವಳ ಮುಖ ಕಂಡಿತು. ಬಡವಾಗಿತ್ತು. ಒಂದು ಕೈ ಗೋಡೆ ಸವರುತ್ತಿತ್ತು. ಫುಟ್‌ಪಾತಿನ ತುದಿ ಬಂದಾಗ ನಿಂತು, ಕಾಲು ಮುಂದೆ ಚಾಚಿ ತಡಕಾಡಿ, ಆಮೇಲೆ ಇಳಿದಳು. ಅಂಗಡಿಯ ನೇರಕ್ಕೆ ಬಂದವಳು ಈ ಕಡೆ ತಿರುಗಿದಳು. ಹಾಲಿನ ಚೀಲ ಎಡಗೈಗೆ ಬದಲಾಯಿಸಿ, ಬಲಗೈ ಎತ್ತಿ ಬೀಸಿದಳು. ಅಂಗಡಿಗಲ್ಲ, ಪಕ್ಕದ ಮುಚ್ಚಿದ ಷಟರಿಗೆ. ಒಂದು ಕ್ಷಣ ಕಾದಳು. ಕೈ ಇಳಿಸಿ, ಮತ್ತೆ ಗೋಡೆ ಹಿಡಿದು ಮುಂದೆ ಹೊರಟಳು.

ಇಸ್ತ್ರಿ ಅಕ್ಕ ಪೆಟ್ಟಿಗೆಯ ಪ್ಲಗ್ ಕಿತ್ತು ರಸ್ತೆಗೆ ಓಡಿದಳು.

"ದೊಡ್ಡಕ್ಕಾ! ನಿಲ್ಲೇ!"

ಎರಡು ಅಡಿ ದೂರದಲ್ಲಿ ನಿಂತರೂ ದೊಡ್ಡಕ್ಕ ಮುಖ ಹುಡುಕಿದಳು. "ಯಾರು?" ಅಂದಳು. ಅವಳ ಬಲಗಣ್ಣಿನ ಪಾಪೆಯಲ್ಲಿ ಹಾಲು ಕದಡಿದ ಹಾಗೆ ಬಿಳುಪಿತ್ತು.

"ನಾನೇ ಕಣೇ. ನಾನು."

"ಓ, ಈಗ ಮಾತಾಡೋಕೆ ಬಂತಾ? ದಿನಾ ಕೈ ಬೀಸಿ ಬೀಸಿ ಸಾಕಾಯ್ತು. ನೀನು ಒಂದು ಸಲನೂ ಕರೀಲಿಲ್ಲ. ಅಷ್ಟೊಂದು ಸಿಟ್ಟಾ?"

"ದಿನಾ ಬೀಸ್ತಿದ್ದೆಯಾ?"

"ಮತ್ತೆ? ರಸ್ತೆ ದಾಟೋಕೆ ಭಯ. ಗಾಡಿ ಎಷ್ಟು ಹತ್ತಿರ ಇದೆ ಗೊತ್ತಾಗಲ್ಲ. ಅದಕ್ಕೇ ಈ ಕಡೆಯಿಂದಲೇ..." ದೊಡ್ಡಕ್ಕ ಹಾಲಿನ ಚೀಲವನ್ನ ಎದೆಗೆ ಒತ್ತಿಕೊಂಡಳು. "ಅವತ್ತು ನಿನ್ನ ಕಣ್ಣು ಹೇಗಿದೆ ಅಂತ ಕೇಳಿದ್ದು ನನ್ನ ಕಣ್ಣಿನ ಮಾತು ತೆಗೆಯೋಕೆ ಕಣೇ. ಯಾರಿಗೂ ಹೇಳಿರಲಿಲ್ಲ. ನೀನು ಬೈದು ಕಳಿಸಿದೆ."

ಇಸ್ತ್ರಿ ಅಕ್ಕ ರಸ್ತೆ ಅಂಚಿನಲ್ಲೇ ಅವಳನ್ನ ಅಪ್ಪಿಕೊಂಡಳು. ಹಾಲಿನ ಚೀಲ ಇಬ್ಬರ ನಡುವೆ ಸಿಕ್ಕಿಕೊಂಡಿತ್ತು. ಗಾಡಿಯವನೊಬ್ಬ ಹಾರನ್ ಹೊಡೆದು ಬೈದು ಹೋದ.

"ನಡಿ, ಡಾಕ್ಟರ ಹತ್ತಿರ ಹೋಗೋಣ."

"ಬೇಡ ಬಿಡೇ. ನಮ್ಮ ಮನೆತನದ ಕಣ್ಣೇ ಹಾಗೆ. ಅಮ್ಮನ ಕುರ್ಚಿ ಇನ್ನೂ ನಮ್ಮ ಮನೆಯಲ್ಲೇ ಇದೆ."

"ಆ ಕುರ್ಚಿ ಒಡೆದು ಒಲೆಗೆ ಹಾಕ್ತೀನಿ ನೋಡು! ಅಮ್ಮನ ಕಣ್ಣೂ ಬಹುಶಃ ವಾಪಸ್ ಬರ್ತಿತ್ತಂತೆ ದೊಡ್ಡಕ್ಕ. ನಾವು ಒಂದು ಸಲ ತೋರಿಸಿದ್ದರೆ."

ದೊಡ್ಡಕ್ಕ ತಂಗಿಯ ತೋಳು ಹುಡುಕಿ ಹಿಡಿದುಕೊಂಡಳು. ಅವತ್ತು ಇಸ್ತ್ರಿ ಅಂಗಡಿ ಮಧ್ಯಾಹ್ನದವರೆಗೆ ಮುಚ್ಚಿತ್ತು.

ದೊಡ್ಡಕ್ಕನಿಗೆ ಬಂದಿದ್ದು ಪೊರೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ದಿನ ಗೊತ್ತಾಗಿದೆ. ಈಗ ಅವಳು ದಿನಾ ರಸ್ತೆ ದಾಟಿ ಬರುತ್ತಾಳೆ. ಕನ್ನಡಕದಂಗಡಿ ಹುಡುಗಿಯೂ ರಜೆ ದಿನ ಸ್ಟೂಲು ಎಳೆದುಕೊಂಡು ಕೂರುತ್ತಾಳೆ. ಆದರೂ ಮಾತಿನ ಮಧ್ಯೆ ಅಕ್ಕತಂಗಿಯರು ಕೆಲವೊಮ್ಮೆ ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತಾರೆ. ಆ ಹನ್ನೊಂದು ವರ್ಷಕ್ಕೆ ಯಾವ ಡಾಕ್ಟರೂ ಏನೂ ಮಾಡೋ ಹಾಗಿಲ್ಲ.

ಇದನ್ನ ಓದುತ್ತಿರೋ, ಕೇಳುತ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕನ್ನಡಕವನ್ನ ಈಗಲೇ ತೆಗೆದು ಲೈಟಿಗೆ ಓರೆಯಾಗಿ ಹಿಡಿದು ನೋಡಿ. ಬಿರುಕು, ಗೀರು ಕಂಡರೆ ಬದಲಾಯಿಸಿ. ಒಲೆ, ಇಸ್ತ್ರಿ, ಬಿಸಿಲಲ್ಲಿ ನಿಂತ ಕಾರು, ಇವುಗಳ ಹತ್ತಿರ ಅದನ್ನ ಬಿಡಬೇಡಿ. ಹೊಸದು ಮಾಡಿಸುವಾಗ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಆಮೇಲೆ ಅಂಗಡಿಯಲ್ಲಿ ನಿಮ್ಮ ಕೆಲಸ ಏನು, ಎಷ್ಟು ದೂರದಲ್ಲಿ ನೋಡಿ ಮಾಡೋದು, ಬಿಸಿಯೋ ಧೂಳೋ ಬಿಸಿಲೋ ಅಂತ ಬಾಯಿಬಿಟ್ಟು ಹೇಳಿ. ಇಸ್ತ್ರಿಯವಳು, ಗಾರೆಯವನು, ಡ್ರೈವರ್ ಅಂತ ಹೇಳಿಕೊಳ್ಳೋಕೆ ಸಂಕೋಚ ಬೇಡವೇ ಬೇಡ. ಯಾವ ಲೆನ್ಸು, ಯಾವ ಕೋಟಿಂಗ್ ಅನ್ನೋದು ಅದರಿಂದಲೇ ಗೊತ್ತಾಗಬೇಕು.

ಇಷ್ಟು ಮಾಡಿ ಆಯ್ತಾ? ಇನ್ನೊಂದು ಕೆಲಸ ಇದೆ. ನಿಮ್ಮವರಲ್ಲಿ ಯಾರೋ ಒಬ್ಬರು ಇತ್ತೀಚೆಗೆ ನಿಮ್ಮನ್ನ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದಾರಾ? ಸಿಟ್ಟು ಮಾಡಿಕೊಂಡು ಕೂರಬೇಡಿ. ಎದ್ದು ಹೋಗಿ, ಹತ್ತಿರ ನಿಂತು, ಅವರ ಕಣ್ಣು ನೋಡಿ ಮಾತಾಡಿಸಿ. ಇವತ್ತೇ ಹೋಗಿ.